ಮೂರು ಪುಸ್ತಕ, ಮೂರು ಬಗೆಯ ತೋಳ: ಕಿನ್ನರ ಕಥೆಗಳು ಕಾಮಿಕ್ಸ್ ಆಗುವ ಬಗೆ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ದಾನಿಯೊಬ್ಬರು ನಮ್ಮ ಗ್ರಂಥಾಲಯಕ್ಕೆ ಕೊಟ್ಟ ಚಿತ್ರಕಥೆಗಳಲ್ಲಿ ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆ ಮೂರು ಪುಸ್ತಕಗಳಲ್ಲಿದೆ. ಒಂದರಲ್ಲಿ ತೋಳ ಹುಡುಗಿಯನ್ನು ತಿಂದುಬಿಡುತ್ತದೆ. ಇನ್ನೊಂದರಲ್ಲಿ ಬೇಟೆಗಾರ ತೋಳದ ಹೊಟ್ಟೆ ಸೀಳಿ ಅಜ್ಜಿ ಮೊಮ್ಮಗಳಿಬ್ಬರನ್ನೂ ಹೊರಗೆ ತೆಗೆಯುತ್ತಾನೆ. ಮತ್ತೊಂದರಲ್ಲಿ ಅಜ್ಜಿ ಕಪಾಟಿನಲ್ಲಿ ಅಡಗಿ ಕುಳಿತಿರುತ್ತಾಳೆ, ತೋಳ ಹೆದರಿ ಓಡಿಹೋಗುತ್ತದೆ. ಇವುಗಳಲ್ಲಿ ಮೂಲ ಕಥೆ ಯಾವುದು? ಹೊಟ್ಟೆ ಸೀಳುವ ಚಿತ್ರಕ್ಕೆ ಪಾಲಕರೊಬ್ಬರು ಆಕ್ಷೇಪ ಎತ್ತಿದ್ದಾರೆ, ಏನು ಹೇಳಲಿ? ನಮ್ಮ ಏಳನೇ ತರಗತಿಯ ಮಕ್ಕಳು ಇಂಥ ಒಂದು ಕಥೆಗೆ ನಮ್ಮ ಕಡೆಯ ಊರು, ಉಡುಪು ಹಾಕಿ ತಾವೇ ಕಾಮಿಕ್ಸ್ ಮಾಡಬೇಕೆಂದಿದ್ದಾರೆ. ಹಾಗೆ ಬದಲಿಸುವುದು ಸರಿಯೇ?

ಉತ್ತರ: ನಿಮ್ಮ ಮೂರು ಪುಸ್ತಕಗಳಲ್ಲಿ ಎರಡಕ್ಕೆ ಹಳೆಯ ಅಚ್ಚಿನ ಆಧಾರವಿದೆ; ಮೂರನೆಯದು ಆಮೇಲಿನ ಕಾಲದ ಮಕ್ಕಳ ಪುಸ್ತಕಗಳ ಅಂಜಿಕೆಯಿಂದ ಹುಟ್ಟಿದ್ದು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ತೋಳ ಅಜ್ಜಿಯನ್ನೂ ತಿನ್ನುತ್ತದೆ, ಹುಡುಗಿಯನ್ನೂ ತಿನ್ನುತ್ತದೆ, ಕಥೆ ಅಲ್ಲಿಗೇ ಮುಗಿದು ಕೆಳಗೆ ಪದ್ಯರೂಪದ ಒಂದು ನೀತಿ ಬರುತ್ತದೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅದರಲ್ಲಿ ಬೇಟೆಗಾರ ಬಂದು ಕತ್ತರಿಯಿಂದ ತೋಳದ ಹೊಟ್ಟೆ ಕತ್ತರಿಸುತ್ತಾನೆ, ಹುಡುಗಿ ತಾನೇ ಕಲ್ಲು ತಂದು ಆ ಹೊಟ್ಟೆಗೆ ತುಂಬುತ್ತಾಳೆ. ಇಷ್ಟು ನಿಮ್ಮ ಎರಡನೆಯ ಪುಸ್ತಕದಲ್ಲಿರಬೇಕು. ಆದರೆ ಗ್ರಿಮ್ ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಇನ್ನೊಂದು ದಿನ ಇನ್ನೊಂದು ತೋಳ ಎದುರಾಗುತ್ತದೆ. ಈ ಸಲ ಹುಡುಗಿ ದಾರಿ ಬಿಡದೆ ನೇರವಾಗಿ ಅಜ್ಜಿಯ ಮನೆಗೆ ಹೋಗಿ ಸುದ್ದಿ ಹೇಳುತ್ತಾಳೆ, ಇಬ್ಬರೂ ಸೇರಿ ಮಾಂಸ ಬೇಯಿಸಿದ ನೀರನ್ನು ಕಲ್ಲಿನ ದೋಣಿಗೆ ಸುರಿದು, ಆ ವಾಸನೆಗೆ ಚಾವಣಿಯಿಂದ ಬಗ್ಗಿದ ತೋಳ ಜಾರಿ ಬಿದ್ದು ಮುಳುಗಿ ಸಾಯುವಂತೆ ಮಾಡುತ್ತಾರೆ. ಬೇಟೆಗಾರನ ಹಂಗಿಲ್ಲದೆ ಅಜ್ಜಿ ಮೊಮ್ಮಗಳು ಗೆಲ್ಲುವ ಈ ಭಾಗವನ್ನು ಕಾಮಿಕ್ಸ್ ಮಾಡುವವರು ಸಾಮಾನ್ಯವಾಗಿ ಕೈಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಚಿತ್ರಕ್ಕೆ ಹೇಳಿ ಮಾಡಿಸಿದಂಥ ಭಾಗ ಇದೇ. ಚಾವಣಿ, ಮೂಗು, ಹಬೆ, ಕೆಳಗೆ ಕಾಯುವ ಇಬ್ಬರು ಹೆಂಗಸರು, ಇಷ್ಟರಲ್ಲೇ ಒಂದು ಪುಟ ತುಂಬುತ್ತದೆ, ಮಾತೇ ಬೇಕಾಗುವುದಿಲ್ಲ.

ಹಾಗಾದರೆ ಪೆರೋ ಮೊದಲಿನವನಾದ್ದರಿಂದ ಅವನದೇ ಮೂಲವೇ ಎಂದು ನೀವು ಕೇಳಬಹುದು. ಅಲ್ಲ. ಅವನು ಅಚ್ಚಿಗೆ ಮೊದಲಿಗನೇ ಹೊರತು ಕಥೆಗಲ್ಲ. ಬಾಯಿಂದ ಬಾಯಿಗೆ ಹೋಗುತ್ತಿದ್ದ ಕಥೆಯನ್ನು ಅವನು ತನ್ನ ಕಾಲದ ಆಸ್ಥಾನದ ಓದುಗರಿಗೆ ಹೊಂದುವಂತೆ ಬರೆದ. ಗ್ರಿಮ್ ಸಹೋದರರು ಸಹ ತಮ್ಮ ಪುಸ್ತಕವನ್ನು ತಾವೇ ತಿದ್ದುತ್ತ ಹೋದರು. 1812ರಲ್ಲಿ ಹಿಮಬಿಳುಪಿಯನ್ನು, ಅಂದರೆ ಸ್ನೋ ವೈಟ್‌ಳನ್ನು, ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಹಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿಗೆ ಅಟ್ಟುವವಳು ಮಲತಾಯಿಯಾದದ್ದು 1840ರಲ್ಲಿ. ಮೊದಲ ಆವೃತ್ತಿಯ ರಪುಂಜೆಲ್ ತನ್ನ ಬಟ್ಟೆಗಳೇಕೆ ಬಿಗಿಯಾಗುತ್ತಿವೆ ಎಂದು ಮುಗ್ಧವಾಗಿ ಕೇಳಿ ಬಸಿರಿನ ಗುಟ್ಟನ್ನು ಬಿಟ್ಟುಕೊಡುತ್ತಾಳೆ. ಮುಂದಿನ ಆವೃತ್ತಿಗಳಲ್ಲಿ ಆ ಮಾತು ಹೋಯಿತು. ಇದಕ್ಕೆ ವಿರುದ್ಧ ದಿಕ್ಕಿನ ತಿದ್ದುಪಡಿಯೂ ಇದೆ. ಸಿಂಡ್ರೆಲಾಳ ಅಕ್ಕಂದಿರ ಕಣ್ಣನ್ನು ಪಾರಿವಾಳಗಳು ಕುಕ್ಕಿ ತೆಗೆಯುವುದು ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ಎರಡನೆಯದರಲ್ಲಿ ಸೇರಿಕೊಂಡಿತು. ಅಂದರೆ ಮಕ್ಕಳಿಗೆಂದು ತಿದ್ದುವಾಗ ಆ ವಿದ್ವಾಂಸರು ಬಸಿರನ್ನು ತೆಗೆದರು, ಶಿಕ್ಷೆಯನ್ನು ಹೆಚ್ಚಿಸಿದರು. ಇಂದಿನ ಪಾಲಕರು ಇದರ ಬಗ್ಗೆ ಏನೆನ್ನುತ್ತಾರೋ! 1857ರ ಏಳನೆಯ ಆವೃತ್ತಿಯ ಹೊತ್ತಿಗೆ ಪುಸ್ತಕ ಇಂದು ನಾವು ಓದುವ ರೂಪಕ್ಕೆ ಬಂದಿತ್ತು. ಆದ್ದರಿಂದ ಒಂದು ಕಾಮಿಕ್ಸನ್ನು ಎದುರಿಗಿಟ್ಟುಕೊಂಡು ಇದು ಮೂಲಕ್ಕೆ ನಿಷ್ಠವೇ ಎಂದು ಕೇಳುವ ಬದಲು, ಯಾರ ಪಠ್ಯದ ಯಾವ ಆವೃತ್ತಿಯನ್ನು ಹಿಡಿದು ಮಾಡಿದ್ದಾರೆ ಎಂದು ಕೇಳಬೇಕು. ಅದನ್ನು ಒಳಪುಟದಲ್ಲಿ ನಮೂದಿಸಿದ ಪ್ರಕಾಶಕರು ಸಾಮಾನ್ಯವಾಗಿ ಉಳಿದ ಕೆಲಸವನ್ನೂ ಎಚ್ಚರದಿಂದ ಮಾಡಿರುತ್ತಾರೆ.

ಆಂಡರ್ಸನ್‌ನ ಮಾತು ಮಾತ್ರ ಬೇರೆ. ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಆಂಡರ್ಸನ್ ಕಥೆ ಕೂಡಿಸಿದವನಲ್ಲ, ಬರೆದವನು. 1837ರ ಅವನ ಮತ್ಸ್ಯಕನ್ಯೆ ರಾಜಕುಮಾರನನ್ನು ಪಡೆಯುವುದಿಲ್ಲ. ಸಮುದ್ರದ ನೊರೆಯಾಗಿ ಕರಗಿ ಗಾಳಿಯ ಮಕ್ಕಳ ಜೊತೆ ಸೇರುತ್ತಾಳೆ. ಆ ಕಥೆಯನ್ನು ಮದುವೆಯಲ್ಲಿ ಮುಗಿಸುವ ಕಾಮಿಕ್ಸ್‌ಗಳು 1989ರ ಡಿಸ್ನಿ ಸಿನಿಮಾವನ್ನು ಅನುಸರಿಸಿದವು, ಆಂಡರ್ಸನ್‌ನನ್ನು ಅಲ್ಲ. ಒಬ್ಬನೇ ಕರ್ತೃ ಇರುವ ಕೃತಿಯ ಕೊನೆಯನ್ನು ತಿರುಗಿಸಿ ಅವನ ಹೆಸರನ್ನೇ ಮುಖಪುಟದಲ್ಲಿ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗದು.

ಈ ಕಥೆಗಳು ಚಿತ್ರಕ್ಕೆ ಬಂದ ದಾರಿಯನ್ನು ಸ್ವಲ್ಪ ತಿಳಿದುಕೊಂಡರೆ ನಿಮ್ಮ ಕಪಾಟಿನ ಪುಸ್ತಕಗಳ ಮುಖಚಹರೆ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಗ್ರಿಮ್‌ರ ಮೊದಲ ಆವೃತ್ತಿಯಲ್ಲಿ ಚಿತ್ರಗಳಿರಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಬಂದ ಇಂಗ್ಲಿಷ್ ಅನುವಾದಕ್ಕೆ ಜಾರ್ಜ್ ಕ್ರುಕ್‌ಶ್ಯಾಂಕ್ ಬರೆದ ಚಿತ್ರಗಳ ಯಶಸ್ಸನ್ನು ಕಂಡ ಮೇಲೆ, 1825ರಲ್ಲಿ 50 ಕಥೆಗಳ ಸಣ್ಣ ಆವೃತ್ತಿಯೊಂದನ್ನು ತಮ್ಮನಾದ ಲುಡ್ವಿಗ್ ಎಮಿಲ್ ಗ್ರಿಮ್‌ನ ಚಿತ್ರಗಳೊಂದಿಗೆ ಅವರು ತಂದರು. ಕಾಮಿಕ್ಸ್ ರೂಪದ ದೊಡ್ಡ ಅಲೆ ಅಮೆರಿಕದ್ದು. ವಾಲ್ಟ್ ಕೆಲಿ 1942ರಿಂದ ಡೆಲ್ ಪ್ರಕಾಶನದ ಕಿನ್ನರ ಕಥೆಗಳ ಮಾಲಿಕೆಗೆ ಚಿತ್ರ ಬರೆದ; 1953ರಿಂದ 1962ರವರೆಗೆ ಬಂದ ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್ ಮಾಲಿಕೆಯಲ್ಲಿ 501ನೇ ಸಂಖ್ಯೆಯ ಹಿಮಬಿಳುಪಿಯಿಂದ ಆರಂಭವಾಗಿ ಒಟ್ಟು 77 ಸಂಚಿಕೆಗಳು ಹೊರಬಂದವು. ಇಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಒಂದು ಕುತೂಹಲದ ಸಂಗತಿಯಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥಾ ಮಾಲಿಕೆಯಲ್ಲಿ ಕೃಷ್ಣನ ಕಥೆಗೆ ಇರುವುದು 11ನೇ ಸಂಖ್ಯೆ. ಮೊದಲ ಹತ್ತು ಸಂಖ್ಯೆಗಳು ಪುರಾಣದವಲ್ಲ; ಸಿಂಡ್ರೆಲಾ, ಹಿಮಬಿಳುಪಿ, ಕೆಂಪು ಟೊಪ್ಪಿಗೆಯ ಹುಡುಗಿ, ಜ್ಯಾಕ್ ಮತ್ತು ಅವರೆ ಬಳ್ಳಿ ಮುಂತಾದ ಪರದೇಶದ ಕಥೆಗಳವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿಕೊಂಡಿರುವಂತೆ ಆ ಹತ್ತು ಮೊದಲು ಕನ್ನಡದಲ್ಲೇ ಬಂದವು, 1965ರಲ್ಲಿ, ಮತ್ತು ಅವುಗಳ ಮಾರಾಟ ಕಂಡ ಮೇಲೆಯೇ ಮುಂಬಯಿಯ ಕಚೇರಿಗೆ ಇಡೀ ಮಾಲಿಕೆಯ ಮೇಲೆ ಭರವಸೆ ಹುಟ್ಟಿತು. ಹೀಗಾಗಿ ಕನ್ನಡದ ಮಕ್ಕಳಿಗೆ ಸಿಂಡ್ರೆಲಾಳ ಕೂದಲಿನ ಬಣ್ಣವೂ ಕುಳ್ಳರ ಟೊಪ್ಪಿಗೆಯೂ ಅಮೆರಿಕದ ಚಿತ್ರಗಾರರ ಕೈಯಿಂದಲೇ ಬಂದು ನೆಲೆಯೂರಿದವು. ಅದರಲ್ಲಿ ದೂರಬೇಕಾದದ್ದೇನೂ ಇಲ್ಲ. ಆದರೆ ನಿಮ್ಮ ಮಕ್ಕಳು ಪೆನ್ಸಿಲ್ ಹಿಡಿದ ಕೂಡಲೇ ಆ ಮುಖವೇ ಮೂಡುವುದನ್ನು ನೀವು ನೋಡುತ್ತೀರಿ, ಆಗ ಈ ಹಿನ್ನೆಲೆ ನೆನಪಿರಲಿ.

ಸಿನಿಮಾದ ಪ್ರಭಾವ ಇದಕ್ಕಿಂತ ಆಳವಾದದ್ದು. ಗ್ರಿಮ್‌ರ ಹಿಮಬಿಳುಪಿಯ ಕಥೆಯಲ್ಲಿ ರಾಣಿ ಕುಳ್ಳರ ಮನೆಗೆ ಮೂರು ಸಲ ಬರುತ್ತಾಳೆ. ಮೊದಲ ಸಲ ರವಿಕೆ ಬಿಗಿಯುವ ದಾರ, ಎರಡನೆಯ ಸಲ ವಿಷದ ಬಾಚಣಿಗೆ, ಮೂರನೆಯ ಸಲ ಸೇಬು. 1937ರ ಡಿಸ್ನಿ ಚಿತ್ರ ಸೇಬನ್ನಷ್ಟೇ ಉಳಿಸಿಕೊಂಡಿತು, ಮುತ್ತಿನಿಂದ ಎಚ್ಚರವಾಗುವುದನ್ನು ಸೇರಿಸಿತು. ಗ್ರಿಮ್‌ರಲ್ಲಿ ಮುತ್ತಿಲ್ಲ, ಗಾಜಿನ ಪೆಟ್ಟಿಗೆ ಹೊತ್ತವರು ಎಡವಿ, ಆ ಕುಲುಕಿಗೆ ಗಂಟಲಲ್ಲಿ ಸಿಕ್ಕಿದ್ದ ಸೇಬಿನ ತುಂಡು ಹೊರಬೀಳುತ್ತದೆ. ಕಪ್ಪೆ ರಾಜಕುಮಾರನ ಕಥೆಯಲ್ಲೂ ರಾಜಕುಮಾರಿ ಮುತ್ತು ಕೊಡುವುದಿಲ್ಲ, ಸಿಟ್ಟಿನಿಂದ ಕಪ್ಪೆಯನ್ನು ಗೋಡೆಗೆ ಅಪ್ಪಳಿಸುತ್ತಾಳೆ. ಸಿನಿಮಾ ನಂತರದ ಕಾಮಿಕ್ಸ್‌ಗಳು ಹೆಚ್ಚಾಗಿ ಒಂದೇ ಭೇಟಿಯ ಹಿಮಬಿಳುಪಿಯನ್ನು ಕೊಡುತ್ತವೆ. ಕಥೆ ಬೇಗ ಮುಗಿಯುತ್ತದೆ, ನಿಜ, ಆದರೆ ಮೂರು ಸಲದ ಲಯ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಕಾಮಿಕ್ಸ್ ರೂಪಾಂತರದ ಗುಣವನ್ನು ಅಳೆಯಬೇಕಾದದ್ದು ಇಲ್ಲಿಯೇ. ಉಡುಪು, ಊರು, ಹೆಸರು ಬದಲಾದರೆ ಕಥೆ ಸಾಯುವುದಿಲ್ಲ. ಮೂರು ಸಲ ಬರಬೇಕಾದದ್ದು ಒಂದೇ ಸಲ ಬಂದರೆ, ಮಾಡಬೇಡ ಎಂಬ ಎಚ್ಚರಿಕೆಯೇ ಮಾಯವಾದರೆ, ಕಾಣಿಸಬಾರದ್ದನ್ನು ಕಾಣಿಸಿದರೆ ಸಾಯುತ್ತದೆ. ಕಾಮಿಕ್ಸ್ ಮಾಧ್ಯಮವಂತೂ ಪುನರಾವರ್ತನೆಗೆ ಮಾತಿಗಿಂತ ಹೆಚ್ಚು ಅನುಕೂಲವಾದದ್ದು. ಅದೇ ಬಾಗಿಲು, ಅದೇ ಕೋನ, ಅದೇ ಹುಡುಗಿ ಹೊಸ್ತಿಲಲ್ಲಿ. ಮೂರು ಪುಟಗಳ ಒಂದೇ ಸ್ಥಾನದಲ್ಲಿ ಈ ಚಿತ್ರದ ಚೌಕವನ್ನು ಇಟ್ಟು, ಪ್ರತಿ ಸಲವೂ ಮುದುಕಿಯ ಕೈಯಲ್ಲಿರುವ ವಸ್ತುವೊಂದನ್ನು ಮಾತ್ರ ಬದಲಿಸಿ ನೋಡಿ. ಮೂರನೆಯ ಸಲ ಆ ಚೌಕ ಕಂಡ ಮಗು ಬಾಗಿಲು ತೆಗೀಬ್ಯಾಡ ಎಂದು ಪುಸ್ತಕಕ್ಕೇ ಹೇಳುತ್ತದೆ.

ಈಗ ಪಾಲಕರ ಆಕ್ಷೇಪಕ್ಕೆ ಬರೋಣ. ಅದನ್ನು ಅರಸಿಕರ ಮಾತು ಎಂದು ತಳ್ಳಿಹಾಕಬೇಡಿ, ಏಕೆಂದರೆ ಅವರು ಎತ್ತಿರುವುದು ಈ ಮಾಧ್ಯಮದ ಅತ್ಯಂತ ಕಠಿಣ ಪ್ರಶ್ನೆ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮಾಕ್ಸ್ ಲೂಥಿ 1947ರ ತನ್ನ ಗ್ರಂಥದಲ್ಲಿ ಯುರೋಪಿನ ಜನಪದ ಕಥೆಯ ಶೈಲಿಯನ್ನು ವಿವರಿಸುತ್ತ, ಅದರ ಪಾತ್ರಗಳಿಗೆ ಆಳವಿಲ್ಲ, ಒಳಮನಸ್ಸಿಲ್ಲ, ಅವು ಗಾಯಗೊಂಡರೂ ಆ ಗಾಯ ಮಾಂಸದ ದೇಹಕ್ಕೆ ಆದಂತೆ ವರ್ಣನೆಗೊಳ್ಳುವುದಿಲ್ಲ ಎಂದು ತೋರಿಸಿಕೊಟ್ಟ. ಏಳು ಕಾಗೆಗಳ ಕಥೆಯಲ್ಲಿ ತಂಗಿ ಅಣ್ಣಂದಿರನ್ನು ಬಿಡಿಸಲು ಗಾಜಿನ ಬೆಟ್ಟದ ಬಾಗಿಲಿಗೆ ಬರುತ್ತಾಳೆ; ಬೀಗದ ಕೈಯ ಬದಲು ಕೊಟ್ಟಿದ್ದ ಎಲುಬು ಕಳೆದುಹೋಗಿದೆ; ತನ್ನ ಕಿರುಬೆರಳನ್ನೇ ಕತ್ತರಿಸಿ ಬಾಗಿಲು ತೆಗೆಯುತ್ತಾಳೆ. ಕಥೆ ಒಂದೇ ವಾಕ್ಯದಲ್ಲಿ ಇದನ್ನು ಹೇಳಿ ಮುಂದೆ ಹೋಗುತ್ತದೆ, ನೋವಿನ ಮಾತಿಲ್ಲ, ರಕ್ತದ ಮಾತಿಲ್ಲ, ಕೇಳುವ ಮಗುವಿಗೂ ಅದರಿಂದ ತೊಂದರೆಯಿಲ್ಲ. ಅದೇ ವಾಕ್ಯವನ್ನು ಚಿತ್ರಗಾರ ಬರೆಯಲು ಕುಳಿತರೆ ಬೆರಳಿಗೆ ಉಗುರು ಬೇಕು, ಚಾಕುವಿಗೆ ಹೊಳಪು ಬೇಕು, ಹುಡುಗಿಯ ಮುಖದಲ್ಲಿ ಏನಾದರೊಂದು ಭಾವ ಬೇಕು. ಮಾತಿನಲ್ಲಿ ಹಗುರವಾಗಿ ಹಾದುಹೋದದ್ದು ಚಿತ್ರದಲ್ಲಿ ಭಾರವಾಗಿ ಕೂರುತ್ತದೆ. ತೋಳದ ಹೊಟ್ಟೆಯದೂ ಇದೇ ಕಥೆ: ಅಜ್ಜಿ ಕಥೆಯಲ್ಲಿ ನುಂಗಿದವರು ಇಡಿಯಾಗಿ, ನಗುನಗುತ್ತ ಹೊರಬರುವುದು ಸಹಜ, ಚಿತ್ರದಲ್ಲಿ ಕರುಳು ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ.

ಒಳ್ಳೆಯ ಚಿತ್ರಗಾರರು ಇದಕ್ಕೆ ಕಂಡುಕೊಂಡ ದಾರಿಗಳಿವೆ. ಮೊದಲನೆಯದು ಎರಡು ಚೌಕಗಳ ನಡುವಿನ ಖಾಲಿ ಜಾಗ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರ ತನ್ನ ಪುಸ್ತಕದಲ್ಲಿ, ಅದೂ ಕಾಮಿಕ್ಸ್ ರೂಪದಲ್ಲಿಯೇ, ಇದನ್ನು ವಿವರಿಸಿದ್ದಾನೆ: ಒಂದು ಚೌಕದಲ್ಲಿ ಎತ್ತಿದ ಕೊಡಲಿ, ಮುಂದಿನದರಲ್ಲಿ ರಾತ್ರಿಯ ಊರಿನ ಮೇಲೆ ಒಂದು ಚೀರುದನಿ, ಏಟು ಬಿದ್ದದ್ದನ್ನು ಯಾರೂ ಬರೆದಿಲ್ಲ, ಓದುಗನೇ ತನ್ನ ಮನಸ್ಸಿನಲ್ಲಿ ಅದನ್ನು ಪೂರೈಸುತ್ತಾನೆ. ಹಾಗೆ ಪೂರೈಸುವಾಗ ಪ್ರತಿ ಮಗುವೂ ತನಗೆ ತಾಳಿಕೆಯಾಗುವಷ್ಟನ್ನೇ ಕಲ್ಪಿಸಿಕೊಳ್ಳುತ್ತದೆ, ಇದು ಈ ಮಾಧ್ಯಮದ ದೊಡ್ಡ ಸೌಲಭ್ಯ. ತೋಳ ಅಜ್ಜಿಯ ಕಡೆ ಬಾಗಿದ ಚೌಕ ಒಂದು, ನೆಲದ ಮೇಲೆ ಬಿದ್ದ ಚಾಳೀಸು ಇನ್ನೊಂದು; ಇಷ್ಟು ಸಾಕು. ಎರಡನೆಯದು ಪುಟ ಹೊರಳಿಸುವ ಜಾಗ. ಕನ್ನಡ ಪುಸ್ತಕದಲ್ಲಿ ಬಲಪುಟದ ಕೊನೆಯ ಚೌಕದಲ್ಲಿ ಪ್ರಶ್ನೆಯನ್ನೂ ಹೊರಳಿಸಿದ ಎಡಪುಟದ ಮೊದಲ ಚೌಕದಲ್ಲಿ ಉತ್ತರವನ್ನೂ ಇಡಬೇಕು. ಅಜ್ಜಿಯ ಕಿವಿ, ಕಣ್ಣು, ಕೈಗಳ ಪ್ರಶ್ನೋತ್ತರವೆಲ್ಲ ಬಲಪುಟದಲ್ಲಿ, ಪ್ರತಿ ಚೌಕಕ್ಕೂ ತೋಳದ ಮುಖ ಇನ್ನಷ್ಟು ಹತ್ತಿರ, ಹಲ್ಲಿನ ಪ್ರಶ್ನೆಗೆ ಪುಟ ಮುಗಿಯಬೇಕು. ಹೊರಳಿಸುವುದು ಬಿಡುವುದು ಮಗುವಿನ ಕೈಯಲ್ಲಿದೆ. ಸಿನಿಮಾದಲ್ಲಿ ಹೆದರಿದ ಮಗು ಕಣ್ಣು ಮುಚ್ಚಿಕೊಳ್ಳಬೇಕು. ಇಲ್ಲಿ ಅದು ತನಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಮೂರನೆಯದು ಗೆರೆಯ ಆಯ್ಕೆ. ನೆರಳುಚಿತ್ರದಲ್ಲಿ ಚರ್ಮವಿಲ್ಲ, ರಕ್ತವಿಲ್ಲ, ಅಂಚು ಮಾತ್ರ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ 1922ರಲ್ಲೇ ಸಿಂಡ್ರೆಲಾಳ ನೆರಳುಚಿತ್ರ ಮಾಡಿದ್ದಳು. ನಮ್ಮ ಸೀಮೆಯ ಕಿಳ್ಳೇಕ್ಯಾತರು ತೊಗಲುಗೊಂಬೆಯ ಪರದೆಯ ಹಿಂದೆ ಇಡೀ ಲಂಕೆಯ ಯುದ್ಧವನ್ನೇ ನಡೆಸಿ ತಲೆಗಳನ್ನು ಉರುಳಿಸಿದರೂ ಮುಂದೆ ಕುಳಿತ ಮಕ್ಕಳು ಹೆದರಿ ಎದ್ದುಹೋದದ್ದಿಲ್ಲ.

ಈ ಮೂರು ದೃಷ್ಟಿಯಿಂದ ಎರಡನೆಯ ಪುಸ್ತಕದ ಆ ಪುಟವನ್ನು ಆಕ್ಷೇಪಿಸಿದ ಪಾಲಕರ ಜೊತೆಗೆ ಕುಳಿತು ಮತ್ತೊಮ್ಮೆ ನೋಡಿ. ಕತ್ತರಿ, ಉಬ್ಬಿದ ಹೊಟ್ಟೆ, ಹೊರಗೆ ಇಣುಕುವ ಕೆಂಪು ಟೊಪ್ಪಿಗೆ, ಇಷ್ಟೇ ಇದ್ದರೆ ಪುಸ್ತಕ ಕಪಾಟಿನಲ್ಲಿ ಉಳಿಯಲಿ. ಬಣ್ಣಹಚ್ಚಿದ ಕರುಳು, ರಕ್ತ ಇದ್ದರೆ ಪಾಲಕರ ಮಾತೇ ಸರಿ, ಮತ್ತು ಅದು ಗ್ರಿಮ್‌ರ ತಪ್ಪಲ್ಲ, ಚಿತ್ರಗಾರನದು. ಮೊದಲನೆಯ ಪುಸ್ತಕವನ್ನು, ಅಂದರೆ ಹುಡುಗಿ ಸಾಯುವ ಕಥೆಯನ್ನು, ಐದನೇ ತರಗತಿಯಿಂದ ಮೇಲಿನವರಿಗೆ ಕೊಡಿ. ಚಿಕ್ಕವರಿಗೆ ಯಾವುದೇ ಪುಸ್ತಕ ಕೊಡುವ ಮೊದಲು ಕಥೆಯನ್ನು ಬಾಯಲ್ಲಿ ಹೇಳಿ. ಕಥೆಯ ಕೊನೆ ತಿಳಿದ ಮಗು ನಡುವಿನ ಪುಟಕ್ಕೆ ಅಷ್ಟು ಹೆದರುವುದಿಲ್ಲ. ಇನ್ನೊಂದು ಎಚ್ಚರಿಕೆ: ಕಿನ್ನರ ಕಥೆಯ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಮಕ್ಕಳದಲ್ಲ. 2002ರಿಂದ ಬಂದ ಫೇಬಲ್ಸ್ ಎಂಬ ಅಮೆರಿಕದ ಮಾಲಿಕೆಯಲ್ಲಿ ಹಿಮಬಿಳುಪಿಯೂ ತೋಳವೂ ನ್ಯೂಯಾರ್ಕಿನಲ್ಲಿ ವಾಸಿಸುತ್ತಾರೆ. ಕೆಲಸ ಚೆನ್ನಾಗಿದೆ, ಓದುಗರು ದೊಡ್ಡವರು. ದಾನಿಗಳು ಹೆಸರು ನೋಡಿ ಕಟ್ಟಿನಲ್ಲಿ ಸೇರಿಸಿಬಿಡುವ ಸಾಧ್ಯತೆ ಇರುವುದರಿಂದ ಹೇಳಿದೆ.

ಇನ್ನು ಮಕ್ಕಳು ಮಾಡಬೇಕೆಂದಿರುವ ಕಾಮಿಕ್ಸ್. ಬದಲಿಸುವುದು ಖಂಡಿತ ಸರಿ, ಆದರೆ ಸಿಂಡ್ರೆಲಾಳಿಗೆ ಇಳಕಲ್ಲ ಸೀರೆ ಉಡಿಸಿ ಹಿಂದೆ ಗೋಳಗುಮ್ಮಟ ಬರೆದರೆ ರೂಪಾಂತರವಾಗುವುದಿಲ್ಲ, ಅದು ವೇಷ ಮಾತ್ರ. ಊರು ಬದಲಾದಾಗ ಕಥೆಯ ತರ್ಕವೂ ಬದಲಾಗಬೇಕು. ಗ್ರಿಮ್‌ರ ತೋಳ ದಟ್ಟಡವಿಯದು. ನಿಮ್ಮ ತಾಲ್ಲೂಕಿನಲ್ಲಿ ಅಂಥ ಅಡವಿ ಎಲ್ಲಿದೆ? ತೋಳ ಮಾತ್ರ ಇದೆ. ಬೀಳಗಿ ಮುಧೋಳಗಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮದಂಥ ಕುರುಚಲು ಬಯಲಿನಲ್ಲಿ, ಕುರಿಹಿಂಡಿನ ಬೆನ್ನ ಹಿಂದೆ ಬದುಕುವ ಪ್ರಾಣಿ ಅದು. ಆದ್ದರಿಂದ ದಾರಿ ತಪ್ಪುವ ಜಾಗ ಹಿಂಗಾರಿ ಜೋಳದ ಹೊಲವಾಗಲಿ. ಪುಷ್ಯಮಾಸದಲ್ಲಿ ಆಳೆತ್ತರ ಬೆಳೆದ ಜೋಳದ ನಡುವೆ ಹತ್ತು ಹೆಜ್ಜೆ ಒಳಗೆ ಹೋದರೆ ಮಗುವಿಗೆ ದಿಕ್ಕು ತಿಳಿಯುವುದಿಲ್ಲ, ಮತ್ತು ಚಿತ್ರಗಾರನಿಗೆ ಉದ್ದುದ್ದ ಗೆರೆಗಳ ಎಂಥ ಒಳ್ಳೆಯ ಪುಟ ಸಿಗುತ್ತದೆ ನೋಡಿ: ಜೋಳದ ದಂಟುಗಳೇ ಚೌಕದ ಗೆರೆಗಳಾಗಬಹುದು, ಎರಡು ದಂಟುಗಳ ನಡುವೆ ಒಂದು ಕಣ್ಣು. ಹುಡುಗಿಯ ತಲೆಗೆ ಗುಳೇದಗುಡ್ಡದ ಕೆಂಪು ಖಣದ ಕುಂಚಿಗೆ ಹಾಕಿ. ಅಜ್ಜಿಯ ಕೈಹೊಲಿಗೆಯ ಆ ಕುಂಚಿಗೆಯನ್ನು ಬೆಳೆದ ಮೇಲೂ ಬಿಡದ ಹುಡುಗಿ ಎಂದರೆ ಅವಳ ಹೆಸರಿಗೂ ಅಜ್ಜಿಯ ಮೇಲಿನ ಅಕ್ಕರೆಗೂ ಒಂದೇ ಕಾರಣ ಸಿಕ್ಕಂತಾಯಿತು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇಟೆಗಾರನ ಜಾಗದಲ್ಲಿ ಕುರಿಗಾಹಿ ಮತ್ತು ಅವನ ಮುಧೋಳ ನಾಯಿ ಬರಲಿ. ಇಲ್ಲಿ ನಿಮ್ಮ ಜಾಣ ವಿದ್ಯಾರ್ಥಿಯೊಬ್ಬ ತಕರಾರು ತೆಗೆದಾನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ತೋಳವನ್ನು ಕೊಲ್ಲುವುದು ಅಪರಾಧವಲ್ಲವೇ ಎಂದು. ತಕರಾರು ಸರಿಯಾದದ್ದೇ. ಹಾಗಾಗಿ ಮೇಲೆ ಹೇಳಿದ ಗ್ರಿಮ್‌ರ ಎರಡನೆಯ ಭಾಗವನ್ನು ಹಿಡಿದುಕೊಳ್ಳಿ. ಅಜ್ಜಿ ಮೊಮ್ಮಗಳ ಉಪಾಯಕ್ಕೆ ಸಿಕ್ಕಿ ಮೈಯೆಲ್ಲ ಮಜ್ಜಿಗೆಯಾಗಿ ತೋಳ ಓಡಲಿ. ಅದು ನಿಮ್ಮ ಮೂರನೆಯ ಪುಸ್ತಕದ ಓಟದಂತಲ್ಲ, ಇಲ್ಲಿ ಅದನ್ನು ಓಡಿಸಿದವರು ಯಾರೆಂಬುದಿದೆ.

ಇದೆಲ್ಲ ಹೇಳಿದ ಮೇಲೂ ನನ್ನ ನಿಜವಾದ ಸಲಹೆ ಬೇರೆ. ಪರದೇಶದ ಕಥೆಗೆ ಕುಂಚಿಗೆ ಹೊಲಿಯುವ ಶ್ರಮದಲ್ಲಿ ಅರ್ಧ ಶ್ರಮಪಟ್ಟರೆ ನಮ್ಮ ನೆಲದ ಸಿಂಡ್ರೆಲಾ ಸಿಗುತ್ತಾಳೆ. ಎ.ಕೆ. ರಾಮಾನುಜನ್ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಈ ಭಾಗದ ಮನೆಗಳಲ್ಲಿ ಹೆಂಗಸರಿಂದ ಕಥೆ ಕೇಳಿ ಬರೆದುಕೊಂಡರು. ಮುಂದೆ ಅವರು ಜಗತ್ತಿನ ವಿದ್ವಾಂಸರ ಮುಂದಿಟ್ಟ ಕನ್ನಡದ ಸಿಂಡ್ರೆಲಾಳ ಹೆಸರು ಹಂಚಿ. ಬಂಗಾರದ ಕೂದಲಿನ ಹುಡುಗಿ. ಅವಳ ಕೂದಲನ್ನು ಕಂಡು ಒಡಹುಟ್ಟಿದ ಅಣ್ಣನೇ ಅವಳನ್ನು ಮದುವೆಯಾಗುವ ಹಟ ಹಿಡಿದಾಗ, ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಮನೆಯಿಂದ ಕಳಿಸಿಬಿಡುತ್ತಾಳೆ. ಹುಡುಗಿ ಸಾವುಕಾರರ ಮನೆಯಲ್ಲಿ ಅಡುಗೆಯವಳಾಗಿ ನಿಲ್ಲುತ್ತಾಳೆ, ಆ ಮನೆಯ ಮಗ ಒಮ್ಮೆ ಮುಖವಾಡದ ಹಿಂದಿನ ಮುಖವನ್ನು ಕಾಣುತ್ತಾನೆ, ಮದುವೆಯೂ ಆಗುತ್ತದೆ. ಯುರೋಪಿನ ಕಥೆ ಮುಗಿಯುವಲ್ಲಿ ಇದು ಮುಗಿಯುವುದಿಲ್ಲ. ಮದುವೆಯ ಆಚೆಗೆ ಕಪಟ ಗುರುವೊಬ್ಬನ ಕಾಟ ಅವಳಿಗೆ ಕಾದಿದೆ.

ಕಾಮಿಕ್ಸ್ ಮಾಡುವವರಿಗೆ ಈ ಮುಖವಾಡಕ್ಕಿಂತ ಹೆಚ್ಚಿನದು ಏನು ಬೇಕು? ಗಾಜಿನ ಪಾದರಕ್ಷೆ ಒಂದು ವಸ್ತು ಮಾತ್ರ, ಕಥೆಯ ಕೊನೆಗೆ ಕೆಲಸಕ್ಕೆ ಬರುತ್ತದೆ. ಮುಖವಾಡ ಪ್ರತಿ ಚೌಕದಲ್ಲೂ ಇರುತ್ತದೆ. ಅದಕ್ಕೆ ಭಾವವಿಲ್ಲ, ನಗುವಾಗಲೂ ಅಳುವಾಗಲೂ ಅದೇ ಮಣ್ಣು. ಹುಡುಗಿಯ ಮನಸ್ಸನ್ನು ಕೈಯ ಬೆರಳು, ಭುಜ, ತಲೆ ಬಾಗಿದ ಕೋನದಿಂದಲೇ ತೋರಿಸಬೇಕಾಗುತ್ತದೆ. ಏಳನೇ ತರಗತಿಯ ಮಕ್ಕಳಿಗೆ ಮುಖ ಬರೆಯುವುದು ಕಷ್ಟ, ಹೀಗಾಗಿ ಆ ಕಷ್ಟವೂ ತಪ್ಪಿತು. ಅದಕ್ಕಿಂತ ಮುಖ್ಯವಾಗಿ, ಮನೆಯ ಯಾರಿಗೂ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಿರುತ್ತದೆ. ಅಣ್ಣನ ಹಟದ ಭಾಗವನ್ನು ಶಾಲೆಯಲ್ಲಿ ಹೇಗೆ ತರುವುದು ಎಂಬ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಅದನ್ನು ಅಳಿಸಿ ದುಷ್ಟ ಮಲತಾಯಿಯನ್ನು ತುರುಕಬೇಡಿ, ಗ್ರಿಮ್‌ರು ಮಾಡಿದ್ದೇ ಅದು. ತಾಯಿಯ ಗಾಬರಿಯ ಮುಖ, ಬಾಗಿಲಲ್ಲಿ ಬಿದ್ದ ಗಂಡಸಿನ ನೆರಳು, ರಾತ್ರಿಯಲ್ಲೇ ಕುಂಬಾರರ ಮನೆಯ ದಾರಿ ಹಿಡಿದ ತಾಯಿ, ಈ ಮೂರು ಚೌಕಗಳಲ್ಲಿ ಮನೆಯೊಳಗೇ ಅಪಾಯವಿದೆ ಎಂಬುದು ತಿಳಿಯುತ್ತದೆ. ಅಷ್ಟನ್ನು ತಿಳಿಯುವ ಹಕ್ಕು ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಇದೆಯೆಂದೇ ನನ್ನ ಅಭಿಪ್ರಾಯ.

ಬರವಣಿಗೆಯ ವಿಷಯದಲ್ಲಿ ಎರಡು ಮಾತು. ಚೌಕದ ಮೇಲಿನ ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಪಾತ್ರಗಳ ಬಾಯಿಂದ ಹೊರಡುವ ಬಲೂನಿನ ಮಾತು ಮಕ್ಕಳ ಮನೆಮಾತಿನಲ್ಲಿರಲಿ. “ಆಯಿ, ನಿನ್ನ ಕಿವಿ ಯಾಕ ಇಷ್ಟ ದೊಡ್ಡವ ಅದಾವು?” “ನಿನ್ನ ಮಾತ ಚಂದಂಗ ಕೇಳಾಕ ಯವ್ವಾ.” ಹೀಗೆ ಬಂದರೆ ತೋಳ ಅಜ್ಜಿಯ ಮಾತಿನ ಧಾಟಿಯನ್ನು ಕದ್ದಿದೆ ಎಂಬುದು ಕೇಳಿಸುತ್ತದೆ, ಗ್ರಾಂಥಿಕದಲ್ಲಿ ಬರೆದರೆ ಅಜ್ಜಿಯೂ ಒಂದೇ ತೋಳವೂ ಒಂದೇ. ಇನ್ನೊಂದು ತಾಂತ್ರಿಕ ಸಂಗತಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಕೊಂಬುಗಳು ಮೇಲೂ ಬದಿಗೂ ಜಾಗ ಬೇಡುತ್ತವೆ. ಇಂಗ್ಲಿಷಿಗೆ ಅಳೆದು ಬರೆದ ಬಲೂನಿನೊಳಗೆ ಕನ್ನಡವನ್ನು ತುರುಕಿದ ಅನುವಾದಗಳಲ್ಲಿ ಅಕ್ಷರ ಸಾಸಿವೆಯಷ್ಟಾಗಿರುವುದಕ್ಕೆ ಇದೇ ಕಾರಣ. ಆದ್ದರಿಂದ ಮಕ್ಕಳು ಮೊದಲು ಅಕ್ಷರಗಳನ್ನು ಬರೆದು, ಅವುಗಳ ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಚಿತ್ರ ಬರೆಯಲಿ. ಒಂದು ಬಲೂನಿನಲ್ಲಿ ಮೂರು ಸಾಲಿಗಿಂತ ಹೆಚ್ಚು ಬಂತೆಂದರೆ ಅಲ್ಲಿ ಇನ್ನೊಂದು ಚೌಕ ಬೇಕಾಗಿದೆ ಎಂದೇ ತಿಳಿಯಬೇಕು.

ಕೊನೆಯದಾಗಿ ಹಕ್ಕಿನ ಪ್ರಶ್ನೆ; ನೀವು ಕೇಳಿಲ್ಲ, ಆದರೆ ಮಕ್ಕಳ ಪುಸ್ತಕ ಚೆನ್ನಾಗಿ ಬಂದರೆ ಅಚ್ಚು ಹಾಕಿಸುವ ಮಾತು ಬಂದೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಮ್ಮಲ್ಲಿ ಲೇಖಕರ ಹಕ್ಕು ಅವರ ಮರಣದ ನಂತರ 60 ವರ್ಷ ಇರುತ್ತದೆ. ಪೆರೋ, ಗ್ರಿಮ್, ಆಂಡರ್ಸನ್ ಮೂವರ ಕಥೆಗಳನ್ನೂ ಯಾರು ಬೇಕಾದರೂ ಬಳಸಬಹುದು. ಅವುಗಳ ಇತ್ತೀಚಿನ ಕನ್ನಡ ಅನುವಾದಗಳನ್ನು ಹಾಗೆ ಎತ್ತಿಕೊಳ್ಳುವಂತಿಲ್ಲ. ಏಳು ಕುಳ್ಳರಿಗೆ ಗ್ರಿಮ್‌ರು ಹೆಸರಿಟ್ಟಿಲ್ಲ. ಜನಜನಿತವಾದ ಆ ಹೆಸರುಗಳೂ ಮುಖಗಳೂ ಡಿಸ್ನಿಯವು, ಅವುಗಳ ತಂಟೆಗೆ ಹೋಗಬೇಡಿ. ರಾಮಾನುಜನ್ 1993ರಲ್ಲಿ ತೀರಿಕೊಂಡದ್ದರಿಂದ ಹಂಚಿಯ ಅವರ ಪಠ್ಯಕ್ಕೆ 2053ರ ಕೊನೆಯವರೆಗಾದರೂ ರಕ್ಷಣೆಯಿದೆ. ಪಾಠದ ಭಾಗವಾಗಿ ತರಗತಿಯಲ್ಲಿ ಬಳಸಲು ಅಡ್ಡಿಯಿಲ್ಲ, ಅಚ್ಚು ಹಾಕಿಸಿ ಮಾರಲು ಅನುಮತಿ ಬೇಕು. ಆದರೆ ಕಥೆ ಅವರದ್ದಲ್ಲ, ಹೇಳಿದ ಹೆಂಗಸರದ್ದು, ಮತ್ತು ಅದರ ಬೇರೆ ಬೇರೆ ರೂಪಗಳು ಈ ಭಾಗದ ಮನೆಗಳಲ್ಲಿ ಇನ್ನೂ ಇರಬಹುದು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ಗರತಿಯ ಹಾಡು ತಂದರು. ಅವರ ಬಳಿ ಇದ್ದದ್ದು ಕಾಗದ, ಲೇಖನಿ, ತಾಳ್ಮೆ. ನಿಮ್ಮ ಮಕ್ಕಳ ಮನೆಯಲ್ಲಿ ಮೊಬೈಲ್ ಇದೆ. ದೀಪಾವಳಿ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಆಯಿಯಿಂದಲೋ ಓಣಿಯ ಹಿರಿಯರಿಂದಲೋ ಒಂದೊಂದು ಕಥೆ ಧ್ವನಿಮುದ್ರಿಸಿಕೊಂಡು ಬರಲಿ. ಅದರಲ್ಲಿ ಮೂರು ಸಲ ಬರುವ ಘಟನೆಯಿರುವ ಕಥೆಯೊಂದನ್ನು ಆರಿಸಿ 12 ಪುಟಕ್ಕೆ ಹಂಚಿಕೊಳ್ಳಿ, ಮತ್ತು ಕಥೆ ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಚಿತ್ರ ಬರೆದವರ ಹೆಸರಿಗಿಂತ ಮೇಲೆ ಹಾಕಿ.